ಮಣ್ಣಿನ ಗೋಡೆಯ ಕೋಗಿಲೆ ಜೇನು

ಪ್ರಶ್ನೆ: ನಮ್ಮ ಹಳೆಯ ಮನೆಯ ಹಿಂಬದಿಯ ಮಣ್ಣಿನ ಗೋಡೆಯಲ್ಲಿ ನೀಲಿ ಪಟ್ಟೆಯ ಜೇನುಗಳು ತೂತು ಕೊರೆದು ಗೂಡು ಮಾಡಿವೆ. ಕಪ್ಪು ಮೈಯ ಮೇಲೆ ನೀಲಿ ಚುಕ್ಕೆಗಳಿರುವ ಇನ್ನೊಂದು ಜೇನು ಅಲ್ಲಿಯೇ ಸುಳಿದಾಡುತ್ತಾ, ಹೊತ್ತು ನೋಡಿ ಅವುಗಳ ಗೂಡಿಗೆ ನುಗ್ಗುತ್ತದೆ. ಇಂತಹ ಪರಾವಲಂಬಿ ಜೇನುಗಳನ್ನು ಕೆಲವು ದೇಶಗಳಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದಾರಂತೆ. ಕಳ್ಳನಿಗೇಕೆ ರಕ್ಷಣೆ? ಆ ಗೋಡೆಗೆ ಈ ಬೇಸಿಗೆಯಲ್ಲಿ ಸಿಮೆಂಟ್ ಗಾರೆ ಮಾಡಿಸಬಹುದೇ?
— ಓದುಗರೊಬ್ಬರು, ಉಡುಪಿ

ಉತ್ತರ: ನೀವು ಹೇಳಿದ ಲಕ್ಷಣಗಳಿಂದ ಅದು ಥೈರಿಯಸ್ ಕುಲದ ಕೋಗಿಲೆ ಜೇನು ಎಂದು ತೋರುತ್ತದೆ, ಗೂಡು ಕಟ್ಟಿರುವುದು ಅಮೆಗಿಲ್ಲಾ ಕುಲದ ನೀಲಿಪಟ್ಟೆ ಜೇನು. ಕೋಗಿಲೆ ಜೇನಿನ ಹೆಣ್ಣು ತಾನು ಗೂಡು ಕಟ್ಟುವುದಿಲ್ಲ, ಮರಿಗಾಗಿ ಪರಾಗವನ್ನೂ ಕೂಡಿಡುವುದಿಲ್ಲ. ಅದು ಪರರ ಗೂಡಿನಲ್ಲಿಟ್ಟ ಮೊಟ್ಟೆಯಿಂದ ಹೊರಬಂದ ಮರಿಹುಳು, ಆ ಗೂಡಿನ ಮರಿಯನ್ನು ಕೊಂದು ಅದರ ಬುತ್ತಿಯನ್ನು ತಿಂದು ಬೆಳೆಯುತ್ತದೆ. ಇದೇ ಕೆಲಸ ಮಾಡುವ ಹಕ್ಕಿಯನ್ನು ನಮ್ಮ ಕವಿಗಳು ಹಾಡಿ ಹೊಗಳಿರುವಾಗ ಈ ಜೇನಿಗೆ ಮಾತ್ರ ಕಳ್ಳನೆಂಬ ಹೆಸರೇಕೆಂದು ನನಗನಿಸುವುದುಂಟು.

ರಕ್ಷಣೆಯ ಪ್ರಶ್ನೆಗೆ ಉತ್ತರ ಅದರ ಈ ಪರಾವಲಂಬನೆಯಲ್ಲೇ ಇದೆ. ಉತ್ತರ ಅಮೆರಿಕದ ಎಪಿಯೊಲಾಯ್ಡೀಸ್ ಪೈಲೋಸ್ಯುಲಸ್ ಎಂಬ ಕೋಗಿಲೆ ಜೇನನ್ನು ನೋಡಿ. ಅದು ಮೊಟ್ಟೆಯಿಡುವುದು ಮ್ಯಾಕ್ರೋಪಿಸ್ ಕುಲದ ಜೇನುಗಳ ಗೂಡಿನಲ್ಲಿ ಮಾತ್ರ. ಆ ಮ್ಯಾಕ್ರೋಪಿಸ್ ಜೇನುಗಳೋ, ತೇವದ ನೆಲದಲ್ಲಿ ಬೆಳೆಯುವ ಲೈಸಿಮಾಕಿಯಾ ಗಿಡಗಳ ಹೂವಿನಿಂದ ಪರಾಗವನ್ನೂ ಎಣ್ಣೆಯನ್ನೂ ಸಂಗ್ರಹಿಸಿ, ಆ ಎಣ್ಣೆಯನ್ನು ಮರಿಗಳ ಆಹಾರಕ್ಕೆ ಬೆರೆಸಿ ಗೂಡಿನ ಒಳಗೋಡೆಗೂ ಬಳಿಯುತ್ತವೆ. ಜೌಗು ಬತ್ತಿದರೆ ಗಿಡವಿಲ್ಲ, ಗಿಡವಿಲ್ಲದಿದ್ದರೆ ಆಶ್ರಯದಾತ ಜೇನಿಲ್ಲ, ಅದಿಲ್ಲದ ಮೇಲೆ ಕೋಗಿಲೆ ಜೇನಿನ ಮಾತೇ ಇಲ್ಲ. ಹಲವು ದಶಕ ಕಾಣದೆ ನಿರ್ನಾಮವಾಯಿತೇ ಎಂಬ ಶಂಕೆಗೆ ಒಳಗಾಗಿದ್ದ ಈ ಜೇನು 2002ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಮತ್ತೆ ಸಿಕ್ಕಿತು. 2011ರಲ್ಲಿ ಅಲ್ಲಿನ ತಜ್ಞರು ಅದನ್ನು ಅಳಿವಿನಂಚಿನ ಪ್ರಭೇದವೆಂದು ಗುರುತಿಸಿದರು.

ಆಶ್ರಯದಾತ ಜೇನುಗಳ ಸಂಖ್ಯೆ ಕುಸಿಯತೊಡಗಿದಾಗ, ಅವು ಪೂರ್ತಿ ಅಳಿಯುವುದಕ್ಕೆ ಬಹಳ ಮೊದಲೇ ಪರಾವಲಂಬಿ ಕಾಣೆಯಾಗುತ್ತದೆ, ಏಕೆಂದರೆ ಅಲ್ಲೊಂದು ಇಲ್ಲೊಂದು ಉಳಿದ ಗೂಡನ್ನು ಹುಡುಕಿ ಸಂತತಿ ನಡೆಸಲು ಅದಕ್ಕೆ ಸಾಧ್ಯವಾಗುವುದಿಲ್ಲ. ನಿಮ್ಮ ಗೋಡೆಯ ಮುಂದೆ ಅದು ಸುಳಿಯುತ್ತಿದೆಯೆಂದರೆ ನೀಲಿಪಟ್ಟೆ ಜೇನಿನ ಸಂಸಾರ ಸದ್ಯಕ್ಕೆ ಚೆನ್ನಾಗಿದೆ ಎಂದೇ ತಿಳಿಯಬೇಕು. ಹೂವನ್ನು ಹಿಡಿದು ರೆಕ್ಕೆಯ ಸ್ನಾಯುಗಳನ್ನು ಅದುರಿಸಿ ಪರಾಗ ಉದುರಿಸುವ ಆ ಜೇನು ನಿಮ್ಮ ಹಿತ್ತಿಲಿನ ಬದನೆ, ಟೊಮೆಟೊಗಳಿಗೆ ದೊಡ್ಡ ಉಪಕಾರಿ.

ನಮ್ಮ ಕರಾವಳಿಯಲ್ಲಿ ಮಣ್ಣಿನ ಗೋಡೆಗಳು ಕಾಂಕ್ರೀಟಿಗೆ ದಾರಿ ಬಿಟ್ಟಿವೆ, ಮನೆ ಕಟ್ಟುವಾಗ ಕಡಿದ ಬರೆಗಳ ಮೇಲೂ ಸಿಮೆಂಟು ಏರುತ್ತಿದೆ, ಗದ್ದೆಯ ಹುಣಿಯ ತುಂಬೆ ಗಿಡ ಕಳೆನಾಶಕಕ್ಕೆ ಒಣಗುತ್ತಿದೆ. ಗೂಡಿಗೆ ಜಾಗವನ್ನೂ ಹೂವನ್ನೂ ಒಟ್ಟಿಗೇ ಕಳೆದುಕೊಳ್ಳುವ ಜೇನನ್ನು ನಂಬಿದ ಜೇನಿನ ಗತಿಯನ್ನು ನೀವೇ ಊಹಿಸಬಹುದು.

ಆದುದರಿಂದ ಗಾರೆ ಅನಿವಾರ್ಯವಾದರೆ ಮಳೆಯ ಎರಚಲು ಬಡಿಯುವ ಭಾಗಕ್ಕೆ ಮಾತ್ರ ಮಾಡಿಸಿ, ಮಾಡಿನ ಕೆಳಗೆ ಒಣಗಿರುವ, ತೂತುಗಳಿರುವ ಭಾಗವನ್ನು ಹಾಗೆಯೇ ಬಿಡಿ. ಎರಡು ಜೇನುಗಳೂ ಸುಮ್ಮಸುಮ್ಮನೆ ಕುಟುಕುವುದಿಲ್ಲ, ಮಕ್ಕಳು ಕೈಯಲ್ಲಿ ಹಿಡಿಯದಿದ್ದರೆ ಸಾಕು. ಸಂಜೆ ಗೋಡೆಯ ಬಳಿಯ ಒಣ ಕಡ್ಡಿಗಳನ್ನು ನೋಡಿ: ಕೋಗಿಲೆ ಜೇನು ದವಡೆಯಿಂದ ಕಡ್ಡಿಯನ್ನು ಕಚ್ಚಿಕೊಂಡು ನಿದ್ರಿಸುತ್ತಿರುವುದು ಕಾಣಸಿಕ್ಕೀತು.