ಫೋನಿನಲ್ಲಿ 78, ಪಂಚೆ ಮೇಲೆ ಮಸಿ

ಪ್ರಶ್ನೆ: ನಮ್ಮ ಮನೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹತ್ತಿರ. ರಾತ್ರಿ ತಾರಸಿ ಮೇಲೆ ಬಿಟ್ಟ ಬಿಳಿ ಪಂಚೆ ಬೆಳಿಗ್ಗೆ ನೋಡಿದರೆ ಚುಕ್ಕಿ ಚುಕ್ಕಿ ಕಪ್ಪು. ಮಗ ಫೋನ್ ಹಿಡಿದು "ಎಕ್ಯೂಐ (ಗಾಳಿಯ ಗುಣಮಟ್ಟದ ಸೂಚ್ಯಂಕ) 78 ಅಷ್ಟೇ ಅಪ್ಪಾಜಿ, ಗಾಳಿ ಚೆನ್ನಾಗೇ ಇದೆ" ಅಂತಾನೆ. ಮೀಟರ್ ನಂಬಲಾ, ಪಂಚೆ ನಂಬಲಾ?

ಉತ್ತರ: ಎರಡನ್ನೂ ನಂಬಿ ಸ್ವಾಮಿ, ಜಗಳ ಬೇಡ. ಮೀಟರ್ ಅಳೆಯುವುದು ಪಿಎಂ 10 ಮತ್ತು ಪಿಎಂ 2.5, ಅಂದರೆ 10 ಮೈಕ್ರಾನ್ ಮತ್ತು 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳನ್ನು (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ನಮ್ಮ ತಲೆಗೂದಲೇ ಹೆಚ್ಚುಕಮ್ಮಿ 50ರಿಂದ 70 ಮೈಕ್ರಾನ್ ದಪ್ಪ. ಪಂಚೆ ಮೇಲೆ ಕಣ್ಣಿಗೆ ಕಾಣುವ ಮಸಿ ಅದಕ್ಕಿಂತ ದೊಡ್ಡದು, ಅದನ್ನು ಯಂತ್ರ ಬಾಗಿಲಲ್ಲೇ ತಡೆದು ಬಿಡುತ್ತದೆ. ಆದರೆ ಮಸಿ ಒಂಟಿಯಾಗಿ ಬರಲ್ಲ. ಅದೇ ಹೊಗೆಯಲ್ಲಿ ಕಣ್ಣಿಗೆ ಕಾಣದ್ದೂ ಇರುತ್ತದೆ, ಎದೆಯೊಳಗೆ ಆಳಕ್ಕೆ ಇಳಿಯುವುದು ಅದೇ.

ಹಾಗಾದರೆ 78 ಹೇಗೆ? ಎಕ್ಯೂಐಗೆ ಈ ಕಣಗಳ 24 ಗಂಟೆಯ ಸರಾಸರಿ ಹಿಡಿಯುತ್ತಾರೆ. ಚಳಿಗಾಲದ ಬೆಳಗಿನ ಜಾವ ನೆಲದ ಹತ್ತಿರದ ತಣ್ಣನೆ ಗಾಳಿ ಮೇಲೇಳದೆ ಹೊಗೆಯನ್ನು ಓಣಿಯಲ್ಲೇ ಹಿಡಿದಿಟ್ಟುಕೊಂಡು ನಿಮ್ಮ ಕಣ್ಣು ಉರಿಸಿದ ಆ ಎರಡು ಮೂರು ಗಂಟೆ, ಮಧ್ಯಾಹ್ನದ ಒಳ್ಳೆ ಗಾಳಿ ಜೊತೆ ಬೆರೆತು ಲೆಕ್ಕದಲ್ಲಿ ಕರಗಿ ಹೋಗುತ್ತದೆ. ಮೇಲಾಗಿ ಮೀಟರ್ ಇರುವುದು ನಿಮ್ಮ ಓಣಿಯಲ್ಲಿ ಅಲ್ವಲ್ಲ.

ನಮ್ಮೂರಿನ ಕತೆ ನೋಡಿ. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳಲ್ಲಿ ಹೆಸರು ಬಂತು. 2019ರಲ್ಲಿ ಕೇಂದ್ರದ ಶುದ್ಧ ಗಾಳಿ ಯೋಜನೆ ಬಂದಾಗ, ಗಾಳಿ ಸರಿಯಿಲ್ಲದ ಊರುಗಳ ಪಟ್ಟಿಯಲ್ಲೂ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಜೊತೆ ನಾವೇ! ಪಿಎಂ 10ಕ್ಕೆ ನಮ್ಮ ದೇಶದ ವರ್ಷದ ಸರಾಸರಿ ಮಿತಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ. ರಸ್ತೆ ಅಂಚಿನ ಮಣ್ಣನ್ನು ಒಣಗಿದ್ದ ಹಾಗೇ ಪೊರಕೆಯಿಂದ ಗುಡಿಸಿ ಮತ್ತೆ ಗಾಳಿಗೇ ಎಬ್ಬಿಸಿದರೆ ಎಷ್ಟು ಸೆನ್ಸರ್ ಹಾಕಿದರೂ ಅಷ್ಟೇ.

ಭಟ್ಟಿ ಮುಚ್ಚಿಸಿ ಅಂತ ನಾನು ಹೇಳಲಾರೆ, ಸಂಜೆ ನರ್ಗೀಸ್ ಮಂಡಕ್ಕಿ, ಮಿರ್ಚಿ ಇಲ್ಲದೆ ನನಗೇ ಆಗಲ್ಲ. ಆದರೆ ಒಲೆಗೆ ಏನು ಹಾಕುತ್ತಾರೆ ನೋಡಿ. ಭತ್ತದ ಹೊಟ್ಟೋ, ಹಳೇ ಟೈರೋ? ಟೈರಿನ ಹೊಗೆ ಕಡುಕಪ್ಪು, ವಾಸನೆ ಗಂಟಲಿಗೇ ಹಿಡಿಯುತ್ತದೆ. ಅದು ಬಂದ ದಿನ, ಗಂಟೆ ಬರೆದಿಟ್ಟು, ಫೋಟೊ ಸಮೇತ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಿ. "ಹೊಗೆ ಜಾಸ್ತಿ" ಅಂತ ಸುಮ್ನೆ ಹೇಳುವುದಕ್ಕಿಂತ ಎರಡು ವಾರದ ಇಂಥ ಪಟ್ಟಿಗೆ ತೂಕ ಜಾಸ್ತಿ.

ಪ್ರಶ್ನೆ: ಮನೆಗೇ ಒಂದು ಪುಟ್ಟ ಮೀಟರ್ ತರಲಾ? (ವಿದ್ಯಾನಗರ)

ಉತ್ತರ: ತನ್ನಿ, ಆದರೆ ಅಂಕಿ ನೋಡಿ ಗಾಬರಿ ಬೀಳಬೇಡಿ. ಅದು ಬೆಳಕು ಹಾಯಿಸಿ ಕಣ ಎಣಿಸುತ್ತದೆ, ಮಂಜಿನ ಹನಿಯನ್ನೂ ಧೂಳು ಅಂದುಕೊಳ್ಳುತ್ತದೆ. ನಮ್ಮನೆಯದು ಒಂದು ದಿನ ಇದ್ದಕ್ಕಿದ್ದಂತೆ 300 ದಾಟಿತು. ಬೀದಿಯಲ್ಲಿ ಏನೂ ಇರಲಿಲ್ಲ, ಒಳಗೆ ಒಣಮೆಣಸಿನಕಾಯಿ ಒಗ್ಗರಣೆ ಸೀದಿತ್ತು. ಕಿಟಕಿ ತೆಗೆದೆವು, ಇಳಿಯಿತು.