ರುಚಿ ವಿಚಾರ: ಬೆಣ್ಣೆಯಿಲ್ಲದ ಬೆಣ್ಣೆ ಚಕ್ಕುಲಿ, ಒಗರು ವೈನ್ ಮತ್ತು ಇತರ ಪ್ರಶ್ನೆಗಳು

ಪ್ರಶ್ನೆ: ದೊಡ್ಡ ಅಕ್ಷರಗಳಲ್ಲಿ ‘ಬೆಣ್ಣೆ ಚಕ್ಕುಲಿ’ ಎಂದು ಅಚ್ಚಾಗಿದ್ದ ಪೊಟ್ಟಣವನ್ನು ಸೂಪರ್ ಮಾರ್ಕೆಟ್ಟಿನಿಂದ ತಂದೆ. ತಿಂದರೆ ಬೆಣ್ಣೆಯ ಸುಳಿವೇ ಇಲ್ಲ. ನನ್ನ ನಾಲಿಗೆಯೇ ಕೆಟ್ಟಿದೆಯೇ? (ಬಸವನಗುಡಿಯ ಗೃಹಿಣಿಯೊಬ್ಬರು)

ಉತ್ತರ: ತಮ್ಮ ನಾಲಿಗೆ ಸರಿಯಾಗಿಯೇ ಇದೆ, ತಾಯಿ. ಪೊಟ್ಟಣದ ಹಿಂಬದಿಯನ್ನು ಒಮ್ಮೆ ಓದಿ ನೋಡಿ. ತೂಕದಲ್ಲಿ ಹೆಚ್ಚಿರುವ ಪದಾರ್ಥವನ್ನು ಮೊದಲು ಬರೆದು, ಉಳಿದವನ್ನು ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಕಳೆದ ತಿಂಗಳು ನಾನೂ ಇಂತಹದೇ ಒಂದು ಪೊಟ್ಟಣ ತಂದಿದ್ದೆ. ಕಂಪನಿಯ ಹೆಸರು ಬೇಡ. ಅಕ್ಕಿ ಹಿಟ್ಟು, ಪಾಮೋಲಿನ್ ಎಣ್ಣೆ, ಉದ್ದಿನ ಹಿಟ್ಟು, ಉಪ್ಪು, ಎಳ್ಳು, ಜೀರಿಗೆ ಎಲ್ಲವೂ ಮುಗಿದ ಮೇಲೆ, ಇಂಗಿಗಿಂತ ಒಂದೇ ಸ್ಥಾನ ಮುಂದೆ ಬೆಣ್ಣೆ ಕುಳಿತಿತ್ತು. ಉಪ್ಪಿಗಿಂತಲೂ ಕಡಿಮೆ ಬಿದ್ದ ಬೆಣ್ಣೆ ಮೂಗಿಗೆ ಎಟಕುವುದಾದರೂ ಹೇಗೆ?

ಬೆಣ್ಣೆಯನ್ನು ಕೇವಲ ಪರಿಮಳಕ್ಕಾಗಿ ಹಾಕುವುದಿಲ್ಲ ಎಂಬುದು ಮನೆಯಲ್ಲಿ ಚಕ್ಕುಲಿ ಒತ್ತಿದವರಿಗೆಲ್ಲ ಗೊತ್ತು. ಕಾಯಿಸಿದ ಬೆಣ್ಣೆಯನ್ನು ಹಿಟ್ಟಿಗೆ ಹಾಕಿ ಬೆರಳಿನಿಂದ ಚೆನ್ನಾಗಿ ಉಜ್ಜಿದರೆ ಚಕ್ಕುಲಿ ಹಗುರಾಗಿ, ಹಲ್ಲಿಗೆ ತಗುಲಿದೊಡನೆ ಪುಡಿಯಾಗಿ ಕರಗುತ್ತದೆ. ನಾನು ತಂದದ್ದು ಮುರಿದಾಗ ಒಣಕಡ್ಡಿಯಂತೆ ಲಟಕ್ಕೆಂದಿತು, ಮೂರನೆಯ ಚಕ್ಕುಲಿಯ ಹೊತ್ತಿಗೆ ಅಂಗುಳಿಗೆ ಮೇಣ ಮೆತ್ತಿದಂತಾಯಿತು. ಅದೇ ವಾರ ಮಲ್ಲೇಶ್ವರದ ಕಾಂಡಿಮೆಂಟ್ಸ್ ಅಂಗಡಿಯೊಂದರಿಂದ ತಂದ ಚಕ್ಕುಲಿಯಲ್ಲಿ ಸುತ್ತುಗಳು ಅಂಕುಡೊಂಕಾಗಿದ್ದವು, ಒಂದೆರಡು ಕಡೆ ಹೆಚ್ಚು ಕೆಂಪಗಾಗಿತ್ತು, ಆದರೆ ಡಬ್ಬಿಯ ಮುಚ್ಚಳ ತೆರೆದೊಡನೆ ಪಕ್ಕದ ಕೋಣೆಯಿಂದ ಮೊಮ್ಮಗ ಎದ್ದು ಬಂದ. ಹಾಗೆಂದು ಬಿಡಿಯಾಗಿ ಮಾರುವುದೆಲ್ಲ ಉತ್ತಮವೆಂದು ನಂಬಬೇಡಿ. ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿಯುವ ಅಂಗಡಿಗಳೂ ಇವೆ. ಎಂದು ಕರಿದದ್ದೆಂದು ಕೇಳಿ, ಒಂದು ಚೂರು ಮೂಸಿ, ಕಮಟು ವಾಸನೆ ಬಂದರೆ ಸಂಕೋಚವಿಲ್ಲದೆ ಹಿಂದಿರುಗಿಸಿ.

ಪ್ರಶ್ನೆ: ಪ್ಯಾಕೆಟ್ ಕಾಫಿಪುಡಿಯಲ್ಲಿ ಚಿಕೋರಿ ಇರುವುದು ಕಲಬೆರಕೆಯಲ್ಲವೇ? (ವಿಜಯನಗರದ ನಿವೃತ್ತ ಶಿಕ್ಷಕರು)

ಉತ್ತರ: ಅಲ್ಲ, ಮೇಷ್ಟ್ರೇ, ಬರೆದು ಮಾರುವವರೆಗೆ ಅಲ್ಲ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಶೇ. 49ರವರೆಗೆ ಚಿಕೋರಿ ಬೆರೆಸಲು ಅನುಮತಿಯಿದೆ. ಪ್ರಮಾಣವನ್ನು ಪ್ಯಾಕೆಟ್ಟಿನ ಮೇಲೆ ಕಾಣಿಸಬೇಕು. ಚಿಕೋರಿ ಎಂಬುದು ಹುರಿದು ಪುಡಿ ಮಾಡಿದ ಒಂದು ಬೇರು. ಸ್ವಲ್ಪ ಬಿದ್ದರೆ ಡಿಕಾಕ್ಷನ್ನಿಗೆ ಬಣ್ಣವನ್ನೂ ಮಂದತನವನ್ನೂ ಕೊಡುತ್ತದೆ, ಅರ್ಧದ ಹತ್ತಿರ ಬಂದರೆ ಸುಟ್ಟ ಬೆಲ್ಲದ ರುಚಿ ಕಾಫಿಯನ್ನು ನುಂಗಿಬಿಡುತ್ತದೆ. ಒಂದು ಲೋಟ ತಣ್ಣೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ ನೋಡಿ: ಕಾಫಿ ತೇಲುತ್ತಿರುತ್ತದೆ, ಚಿಕೋರಿ ಕಂದು ಎಳೆಗಳನ್ನು ಬಿಡುತ್ತ ತಳಕ್ಕಿಳಿಯುತ್ತದೆ. ನನ್ನ ಮನೆಯಲ್ಲಿ ಎಂಬತ್ತೈದಕ್ಕೆ ಹದಿನೈದರ ಲೆಕ್ಕ, ಅದೂ ಕಣ್ಣೆದುರಿಗೇ ಬೀಸಿಸಿದ್ದು, ಒಂದು ಸಲಕ್ಕೆ ಕಾಲು ಕಿಲೋ ಮೀರದಂತೆ.

ಪ್ರಶ್ನೆ: ಅಗ್ಗದ ಐಸ್‌ಕ್ರೀಂ ಬಾಯಲ್ಲಿ ಜಿಡ್ಡುಜಿಡ್ಡಾಗುವುದೇಕೆ? (ಯಲಹಂಕದ ವಿದ್ಯಾರ್ಥಿನಿ)

ಉತ್ತರ: ಅದು ಐಸ್‌ಕ್ರೀಂ ಆಗಿರಲಿಕ್ಕಿಲ್ಲಮ್ಮ, ಡಬ್ಬಿಯ ಮೇಲೆ ‘ಫ್ರೋಜನ್ ಡೆಸರ್ಟ್’ ಎಂದು ಇದೆಯೇ ನೋಡು. ಅದರಲ್ಲಿ ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಕೊಬ್ಬು ಇರುತ್ತದೆ.

ಪ್ರಶ್ನೆ: ಮಗ ನಂದಿ ಬೆಟ್ಟದ ಕಡೆಯ ವೈನರಿಯೊಂದರಿಂದ ದುಬಾರಿ ಕೆಂಪು ವೈನ್ ತಂದುಕೊಟ್ಟ. ನನಗೆ ಬರೀ ಒಗರು. ಬೆಂಗಳೂರು ನೀಲಿ ದ್ರಾಕ್ಷಿಯ ಅಗ್ಗದ ಸಿಹಿ ವೈನೇ ಹಿಡಿಸಿತೆಂದರೆ ಮನೆಯವರೆಲ್ಲ ನಗುತ್ತಾರೆ. ಉಳಿದದ್ದನ್ನು ಎರಡು ತಿಂಗಳಿಂದ ಶೋಕೇಸಿನಲ್ಲಿ ಇಟ್ಟಿದ್ದೇನೆ. (ರಾಜಾಜಿನಗರದ ಹಿರಿಯರೊಬ್ಬರು)

ಉತ್ತರ: ನಗುವವರು ನಗಲಿ ಬಿಡಿ, ಸ್ವಾಮಿ. ನಂದಿಯ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಸುತ್ತ, ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್ ಮುಂತಾದ ಫ್ರೆಂಚ್ ಮೂಲದ ದ್ರಾಕ್ಷಿಗಳನ್ನು ಬೆಳೆಯುತ್ತಾರೆ. ಕೆಂಪು ವೈನನ್ನು ಸಿಪ್ಪೆಯೊಡನೆಯೇ ಹುದುಗಿಸುವುದರಿಂದ ಸಿಪ್ಪೆ, ಬೀಜಗಳಲ್ಲಿರುವ ಟ್ಯಾನಿನ್ ಎಂಬ ಒಗರು ವಸ್ತು ಅದರಲ್ಲಿ ಇಳಿಯುತ್ತದೆ; ಹಾಲಿಲ್ಲದ ಗಟ್ಟಿ ಚಹಾ ನಾಲಿಗೆಯನ್ನು ಒಣಗಿಸುವುದೂ ಇದೇ ಬಗೆಯ ವಸ್ತುವಿನಿಂದ. ಚಹಾಕ್ಕೆ ಹಾಲು ಬಿದ್ದರೆ ಒಗರು ತಗ್ಗುವಂತೆ, ಈ ವೈನಿನ ಜೊತೆ ಚೀಸಿನ ತುಂಡೊಂದನ್ನು ತಿಂದರೆ ವೈನಿನ ಒಗರು ಬಹಳ ಮೆತ್ತಗಾಗುತ್ತದೆ. ತಾವು ಬಹುಶಃ ಖಾರದ ಕೋಡುಬಳೆಯೊಡನೆ ಕುಡಿದಿರಿ. ಖಾರದ ಉರಿಯನ್ನು ಮದ್ಯಸಾರ ಹೆಚ್ಚಿಸುತ್ತದೆ, ಒಗರೂ ಆಗ ಎದ್ದು ಕಾಣುತ್ತದೆ. ಏಪ್ರಿಲ್ ತಿಂಗಳ ಬೆಂಗಳೂರಿನ ಸೆಕೆಯಲ್ಲಿ ಕೆಂಪು ವೈನನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟೇ ಕುಡಿಯಬೇಕು.

ಇನ್ನು ಬೆಂಗಳೂರು ನೀಲಿ. 2013ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ಈ ದ್ರಾಕ್ಷಿಯಲ್ಲಿ ಅಮೆರಿಕದ ಲಾಬ್ರುಸ್ಕಾ ತಳಿಯ ಗುಣವಿದೆ. ಆ ಗುಂಪಿನ ಗಾಢ ವಾಸನೆಯನ್ನು ವೈನ್ ಪಂಡಿತರು ‘ನರಿವಾಸನೆ’ ಎಂದು ಮೂಗು ಮುರಿಯುತ್ತಾರೆ. ನಮಗೆ ಅದು ತಳ್ಳುಗಾಡಿಯ ದ್ರಾಕ್ಷಿಯ ವಾಸನೆ, ಶಾಲೆಯಿಂದ ಬರುವಾಗ ಕಾಗದದ ಪೊಟ್ಟಣದಲ್ಲಿ ತಿಂದು ತುಟಿ ನೀಲಿ ಮಾಡಿಕೊಂಡದ್ದರ ವಾಸನೆ. ಅದು ಹಿಡಿಸುವುದರಲ್ಲಿ ನಾಚಿಕೆಯೇನಿದೆ? ಆದರೆ ಅಗ್ಗದ ಬಾಟಲಿಗಳಲ್ಲಿ ಹಲವು ಸಕ್ಕರೆಯ ಪಾಕದಂತಿರುತ್ತವೆ, ಎರಡನೆಯ ಲೋಟಕ್ಕೆ ಬಾಯಿ ಕಟ್ಟುತ್ತದೆ ಎಂಬುದನ್ನೂ ಹೇಳಲೇಬೇಕು. ತಣ್ಣಗೆ ಮಾಡಿ, ಪುಟ್ಟ ಲೋಟದಲ್ಲಿ, ಬೇಕರಿಯ ಕಾಂಗ್ರೆಸ್ ಕಡಲೆಬೀಜದೊಡನೆ ಕುಡಿದು ನೋಡಿ. ಅಲ್ಲಿನ ಮೆಣಸಿನ ಖಾರ, ಇಂಗು, ಕರಿಬೇವು ಆ ಸಿಹಿಯನ್ನು ಚೆನ್ನಾಗಿ ಹಿಡಿದಿಡುತ್ತವೆ. ತಮ್ಮ ಮಗ ತಂದಂತಹ ಒಗರು ಕೆಂಪು ವೈನಿನ ಜೊತೆ ಇದೇ ಕಡಲೆಬೀಜ ನನಗೆ ಒಗ್ಗಲಿಲ್ಲ.

ಶೋಕೇಸಿನಲ್ಲಿರುವ ಬಾಟಲಿಯನ್ನು ಮಾತ್ರ ಅತಿಥಿಗಳಿಗೆ ಕೊಡಬೇಡಿ. ಬಿರಡೆ ತೆಗೆದ ಕೆಂಪು ವೈನ್ ಫ್ರಿಜ್ಜಿನಲ್ಲಿಟ್ಟರೂ ಮೂರು ನಾಲ್ಕು ದಿನ. ತಮ್ಮದು ಈಗಾಗಲೇ ಹುಳಿಗಟ್ಟಿರುತ್ತದೆ.