ನೆಟ್‌ವರ್ಕಿಂಗ್ ಪರೀಕ್ಷೆಗೆ ತಯಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸಿಸ್ಕೋ ಕಂಪನಿಯ ಸಿಸಿಎನ್‌ಎ, ಕಾಂಪ್‌ಟಿಯಾ ಸಂಸ್ಥೆಯ ನೆಟ್‌ವರ್ಕ್ ಪ್ಲಸ್‌ನಂಥ ಮೊದಲ ಹಂತದ ಪರೀಕ್ಷೆಗಳಿಗೆ ಓದುತ್ತಿರುವವರ ಪ್ರಶ್ನೆಗಳು ಈ ಸಲದವು. ಒಂದೇ ತೊಡಕನ್ನು ಹಲವರು ಕೇಳಿದ್ದರೆ ಅದನ್ನು ತುಸು ಬಿಡಿಸಿ ಬರೆದಿದ್ದೇವೆ.

ಪ್ರಶ್ನೆ: ನಾನು ವಾಣಿಜ್ಯ ಓದಿದವಳು. ಕಂಪ್ಯೂಟರ್ ಬಳಕೆ ಗೊತ್ತು, ನೆಟ್‌ವರ್ಕಿಂಗ್ ಹೊಸದು. ನೇರವಾಗಿ ಸಿಸಿಎನ್‌ಎಗೆ ಕೂರಬಹುದೇ? ಅಥವಾ ನೆಟ್‌ವರ್ಕ್ ಪ್ಲಸ್ ಮುಗಿಸಿಕೊಂಡು ಬರಬೇಕೇ?

ಉತ್ತರ: ಧಾರಾಳವಾಗಿ ಕೂರಬಹುದು. ಎರಡಕ್ಕೂ ಇಂಥದ್ದೇ ಓದಿರಬೇಕೆಂಬ ಕಡ್ಡಾಯವಿಲ್ಲ. ನೆಟ್‌ವರ್ಕ್ ಪ್ಲಸ್‌ನ ಈಗಿನ ಆವೃತ್ತಿ ಎನ್10-009, 2024ರ ಜೂನ್‌ನಲ್ಲಿ ಬಂದದ್ದು. 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ, 900ರ ಅಳತೆಯಲ್ಲಿ 720 ಬಂದರೆ ಪಾಸು. ಯಾವ ಕಂಪನಿಯ ಸಾಧನಕ್ಕೂ ಅಂಟಿಕೊಳ್ಳದೆ ವಿಷಯವನ್ನು ಅಗಲವಾಗಿ ಕೇಳುತ್ತದೆ. ಸಿಸಿಎನ್‌ಎ, ಅಂದರೆ 200-301 ಪರೀಕ್ಷೆ, 120 ನಿಮಿಷದ್ದು. ಸಿಸ್ಕೋ ಸಾಧನದ ಮುಂದೆ ಕೂತು ಕಮಾಂಡ್ ಬರೆಯಲು, ಬಂದ ಔಟ್‌ಪುಟ್ ಓದಲು ಬರಬೇಕು. ಎರಡರ ಸರ್ಟಿಫಿಕೇಟೂ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ.

ಒಂದಕ್ಕೆ ಮಾತ್ರ ಸಮಯವಿದೆ ಎಂದಾದರೆ ನಮ್ಮ ಸಲಹೆ ಸಿಸಿಎನ್‌ಎ. ಕೈಯಿಂದ ಮಾಡದೆ ಅದು ದಕ್ಕುವುದಿಲ್ಲ, ಕೈಯಿಂದ ಮಾಡಿದ್ದು ಕೆಲಸದಲ್ಲೂ ಉಳಿಯುತ್ತದೆ. ದಿನಕ್ಕೆ ಎರಡು ಗಂಟೆ ಕೊಡಬಲ್ಲ ಹೊಸಬರು ನಾಲ್ಕೈದು ತಿಂಗಳು ಇಟ್ಟುಕೊಳ್ಳಬೇಕು. ಪಠ್ಯಕ್ರಮದಲ್ಲಿ ಐಪಿ ಕನೆಕ್ಟಿವಿಟಿಗೆ ಶೇ. 25, ಮೂಲಾಂಶಗಳಿಗೆ ಶೇ. 20, ಸ್ವಿಚಿಂಗ್ ಮತ್ತು ವೈರ್‌ಲೆಸ್ ಸೇರಿದ ನೆಟ್‌ವರ್ಕ್ ಆಕ್ಸೆಸ್‌ಗೆ ಶೇ. 20. ಅಲ್ಲಿಗೇ ಶೇ. 65 ಆಯಿತು. ಆಟೊಮೇಶನ್‌ಗೆ ಇರುವುದು ಶೇ. 10. ಅದರ ಹೆಸರಿಗೇ ಹೆದರಿ ಮೊದಲ ತಿಂಗಳೇ ಪೈಥಾನ್ ಕಲಿಯಲು ಹೊರಡಬೇಡಿ.

ಪ್ರಶ್ನೆ: ಸಬ್‌ನೆಟ್ಟಿಂಗ್ ಎಷ್ಟು ಸಲ ಓದಿದರೂ ತಲೆಗೆ ಹತ್ತುತ್ತಿಲ್ಲ. ಕೊನೆಯ ಅಂಕಿಯಲ್ಲಿ ಭಾಗ ಮಾಡುವುದಾದರೆ ಹೇಗೋ ಬರುತ್ತದೆ, 172.16.45.14/20 ಥರದ್ದು ಬಂದರೆ ಕೈ ನಿಲ್ಲುತ್ತದೆ.

ಉತ್ತರ: ಇದನ್ನೇ ಬಿಡಿಸೋಣ. ಸಬ್‌ನೆಟ್ಟಿಂಗ್ ಎಂದರೆ ಒಂದು ಜಾಲದ ವಿಳಾಸಗಳನ್ನು ಚಿಕ್ಕ ಜಾಲಗಳಾಗಿ ಹಂಚುವುದು. ಐಪಿ ವಿಳಾಸದಲ್ಲಿ ಎಂಟೆಂಟು ಬಿಟ್‌ನ ನಾಲ್ಕು ಭಾಗ, /20 ಎಂದರೆ ಮೊದಲ 20 ಬಿಟ್ ನೆಟ್‌ವರ್ಕ್‌ನದು. ಮೊದಲ ಎರಡು ಭಾಗಕ್ಕೆ 16 ಬಿಟ್ ಹೋಯಿತು. 20ರಲ್ಲಿ ಇನ್ನು ಉಳಿದದ್ದು ನಾಲ್ಕು ಬಿಟ್, ಅವು ಬೀಳುವುದು ಮೂರನೇ ಭಾಗದಲ್ಲಿ. ಎಡದಿಂದ ನಾಲ್ಕು ಬಿಟ್‌ಗಳ ಬೆಲೆ 128, 64, 32, 16. ಕೂಡಿದರೆ 240, ಅಂದರೆ ಮಾಸ್ಕ್ (ನೆಟ್‌ವರ್ಕ್‌ನ ಬಿಟ್‌ಗಳನ್ನು ತೋರಿಸುವ ಸಂಖ್ಯೆ) 255.255.240.0. ಈಗ 256ರಿಂದ 240 ಕಳೆಯಿರಿ: 16. ಇದೇ ಹೆಜ್ಜೆಯ ಅಳತೆ. ಮೂರನೇ ಭಾಗದಲ್ಲಿ 0, 16, 32, 48 ಎಂದು ಎಣಿಸುತ್ತಾ ಹೋಗಿ. 45 ಸಿಗುವುದು 32 ಮತ್ತು 48ರ ನಡುವೆ. ಹಾಗಾಗಿ ನೆಟ್‌ವರ್ಕ್ 172.16.32.0. ಮುಂದಿನ ನೆಟ್‌ವರ್ಕ್ 172.16.48.0. ಅದಕ್ಕಿಂತ ಒಂದು ಹಿಂದಿನದು, 172.16.47.255, ಬ್ರಾಡ್‌ಕಾಸ್ಟ್, ಅಂದರೆ ಆ ಜಾಲದ ಎಲ್ಲರಿಗೂ ಹೋಗುವ ವಿಳಾಸ. ಇವೆರಡನ್ನು ಬಿಟ್ಟು ನಡುವಿನ 4094 ವಿಳಾಸಗಳೂ ಸಾಧನಗಳಿಗೆ ಕೊಡಬಹುದಾದವು.

ನೀವು ತಡವರಿಸುತ್ತಿರುವುದು ಬಹುಶಃ ಇಲ್ಲಿ: ಸೊನ್ನೆಯಲ್ಲಿ ಮುಗಿದರೆ ನೆಟ್‌ವರ್ಕ್, 255ರಲ್ಲಿ ಮುಗಿದರೆ ಬ್ರಾಡ್‌ಕಾಸ್ಟ್ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿರುತ್ತದೆ. ಆ ಮಾತು /24ಕ್ಕೆ ಮಾತ್ರ ಸರಿ. ಇದೇ ಸಬ್‌ನೆಟ್‌ನಲ್ಲಿ 172.16.40.255 ಒಂದು ಕಂಪ್ಯೂಟರ್‌ಗೆ ಕೊಡಬಹುದಾದ ವಿಳಾಸ, 172.16.41.0 ಕೂಡ. ಪರೀಕ್ಷೆಗೆ ಪ್ರಶ್ನೆ ತೆಗೆಯುವವರಿಗೆ ಇದು ಬಹಳ ಇಷ್ಟದ ಜಾಗ.

ಒಂದೇ ಜಾಲವನ್ನು ಬೇರೆ ಬೇರೆ ಅಳತೆಯಲ್ಲಿ ಹಂಚುವಾಗ ದೊಡ್ಡದರಿಂದ ಶುರು ಮಾಡಿ. 192.168.10.0/24ರಲ್ಲಿ 60, 28, 12 ಸಾಧನಗಳ ಮೂರು ವಿಭಾಗ, ಜೊತೆಗೆ ಎರಡು ರೌಟರ್‌ಗಳ ನಡುವಿನ ಒಂದು ಲಿಂಕ್ ಬೇಕು ಅನ್ನಿ. 60ಕ್ಕೆ /26, ಅದು 0ಯಿಂದ 63ರ ತನಕ. 28ಕ್ಕೆ /27, 64ರಿಂದ 95. 12ಕ್ಕೆ /28, 96ರಿಂದ 111. ಲಿಂಕ್‌ಗೆ /30, 112ರಿಂದ 115. ಚಿಕ್ಕದನ್ನು ಮೊದಲು 0ಯಲ್ಲಿ ಕೂರಿಸಿದಿರೋ, /26 ಎಂಬುದು 0, 64, 128, 192ರಲ್ಲಿ ಮಾತ್ರ ಶುರುವಾಗುವುದರಿಂದ 64ಕ್ಕೆ ಜಿಗಿಯಬೇಕಾಗುತ್ತದೆ, ನಡುವೆ ಹರಕು ತುಂಡುಗಳು ಉಳಿಯುತ್ತವೆ. ಗೇಟ್‌ವೇಗೂ, ಅಂದರೆ ಹೊರಗೆ ದಾರಿ ಕೊಡುವ ರೌಟರ್‌ಗೂ, ಒಂದು ವಿಳಾಸ ಬೇಕು ಎಂಬುದನ್ನು ಮರೆಯಬೇಡಿ: 30 ಕಂಪ್ಯೂಟರ್ ಇದ್ದರೆ ರೌಟರ್ ಸೇರಿ 31, /27 ಸಾಲದು.

ದಿನಕ್ಕೆ ಹತ್ತು ಲೆಕ್ಕ, ಕಾಗದದ ಮೇಲೆ, ಮೂರು ವಾರ. ಒಂದೊಂದು ಅರ್ಧ ನಿಮಿಷದೊಳಗೆ ಬರುವ ತನಕ ಬಿಡಬೇಡಿ. ಕ್ಯಾಲ್ಕುಲೇಟರ್‌ನಲ್ಲಿ ಉತ್ತರ ತಾಳೆ ನೋಡಿ, ಅಷ್ಟಕ್ಕೆ ಮಾತ್ರ.

ಪ್ರಶ್ನೆ: ಅಭ್ಯಾಸಕ್ಕೆ ನಿಜವಾದ ರೌಟರ್, ಸ್ವಿಚ್ ಕೊಳ್ಳಬೇಕೇ?

ಉತ್ತರ: ಬೇಡ. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದರೆ ಜಾಲವನ್ನು ಕಂಪ್ಯೂಟರ್‌ನಲ್ಲೇ ಕಟ್ಟಿ ನೋಡುವ ಪ್ಯಾಕೆಟ್ ಟ್ರೇಸರ್ ತಂತ್ರಾಂಶ ಉಚಿತ. ಈ ಹಂತದ ಬಹುಪಾಲು ಲ್ಯಾಬ್‌ಗಳಿಗೆ ಅದು ಸಾಕು. ಸಿಸ್ಕೋ ಸಾಧನಗಳನ್ನು ನಡೆಸುವ ನಿಜವಾದ ಐಒಎಸ್ ತಂತ್ರಾಂಶದ ಎಲ್ಲ ಕಮಾಂಡ್‌ಗಳೂ ಅದರಲ್ಲಿಲ್ಲ. ಸರಿಯಾಗಿ ಬರೆದ ಕಮಾಂಡನ್ನು ಅದು ತೆಗೆದುಕೊಳ್ಳದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಒತ್ತಿ ನೋಡಿ. ಪಟ್ಟಿಯಲ್ಲಿ ಇಲ್ಲದಿದ್ದರೆ ಕೊರತೆ ಅದರದು, ನಿಮ್ಮದಲ್ಲ. ಕೈಯಲ್ಲಿ ಹಿಡಿದೇ ಕಲಿಯಬೇಕಾದದ್ದು ಕೇಬಲ್. ಆ ಬಗ್ಗೆ ಮುಂದಿನ ಪ್ರಶ್ನೆಯೇ ಇದೆ.

ಪ್ರಶ್ನೆ: ನಾನೇ ಕ್ರಿಂಪ್ ಮಾಡಿದ (ತುದಿಗೆ ಕನೆಕ್ಟರ್ ಒತ್ತಿ ಕೂರಿಸಿದ) ಕೇಬಲ್ ಟೆಸ್ಟರ್‌ನಲ್ಲಿ 1ರಿಂದ 8ರ ತನಕ ಸಾಲಾಗಿ ದೀಪ ಹಚ್ಚುತ್ತದೆ. ಆದರೂ ನೆಟ್‌ವರ್ಕ್ ನಿಧಾನ, ನಡುನಡುವೆ ಲಿಂಕ್ ಬಿದ್ದುಹೋಗುತ್ತದೆ. ಎರಡೂ ತುದಿಗೆ ಒಂದೇ ಬಣ್ಣದ ಕ್ರಮ ಹಾಕಿದ್ದೇನೆ: ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ.

ಉತ್ತರ: ತಪ್ಪು ಆ ಕ್ರಮದಲ್ಲೇ ಇದೆ. ಈಥರ್ನೆಟ್‌ನಲ್ಲಿ ಜೋಡಿಗಳು ಹೋಗುವುದು 1-2, 3-6, 4-5, 7-8 ಪಿನ್‌ಗಳಿಗೆ. ನಿಮ್ಮ ಕೇಬಲ್‌ನಲ್ಲಿ 3ಕ್ಕೆ ಹಸಿರು ಜೋಡಿಯ ಒಂದು ತಂತಿ, 6ಕ್ಕೆ ನೀಲಿ ಜೋಡಿಯ ಒಂದು ತಂತಿ ಬಂದಿದೆ. ಎರಡು ತಂತಿ ಒಂದಕ್ಕೊಂದು ಹೆಣೆದುಕೊಂಡು ಹೋದಾಗಲೇ ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದು ಕಳೆದುಹೋಗುವುದು. ಇಲ್ಲಿ ಸಿಗ್ನಲ್‌ನ ಎರಡು ಕಾಲು ಎರಡು ಬೇರೆ ಹೆಣಿಗೆಯಲ್ಲಿವೆ, ಪಕ್ಕದ ಜೋಡಿಯ ಸಿಗ್ನಲ್ ನೇರ ನುಗ್ಗುತ್ತದೆ. ಇದಕ್ಕೆ ಸ್ಪ್ಲಿಟ್ ಪೇರ್ ಎನ್ನುತ್ತಾರೆ. ಸಾದಾ ಟೆಸ್ಟರ್ ನೋಡುವುದು ಈ ತುದಿಯ 3ನೇ ಪಿನ್ ಆ ತುದಿಯ 3ಕ್ಕೆ ಮುಟ್ಟಿತೇ ಎಂಬುದನ್ನಷ್ಟೇ, ಜೋಡಿ ಯಾವುದೆಂದು ಅದಕ್ಕೆ ತಿಳಿಯದು. ಒಂದು ಮೀಟರಿನ ತುಂಡಿನಲ್ಲಿ ಇದು ಕೆಲಸ ಮಾಡಿದಂತೆಯೇ ಕಾಣುತ್ತದೆ, ಉದ್ದವಾದಷ್ಟೂ ಕೆಡುತ್ತದೆ.

ಎರಡೂ ತುದಿ ಕತ್ತರಿಸಿ ಟಿ568ಬಿ ಕ್ರಮದಲ್ಲಿ ಹಾಕಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕನೆಕ್ಟರ್‌ನ ಲಾಕ್ ಕೆಳಗಿರಲಿ, ಚಿನ್ನದ ಬಣ್ಣದ ಪಿನ್‌ಗಳು ನಿಮಗೆ ಕಾಣುತ್ತಿರಲಿ, ಆಗ ಎಡದ್ದು 1. ಹೆಣಿಗೆ ಬಿಚ್ಚುವುದು 13 ಮಿಲಿಮೀಟರ್ ಮೀರಬಾರದು. ಹೊರಕವಚವೂ ಕನೆಕ್ಟರ್ ಒಳಗೆ ಹೋಗಿ ಕಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಎಳೆದಾಗ ಭಾರವೆಲ್ಲ ತಂತಿಗಳ ಮೇಲೆ. ಆಮೇಲೆ ಸ್ವಿಚ್‌ನಲ್ಲಿ ಶೋ ಇಂಟರ್‌ಫೇಸಸ್ ಕೊಟ್ಟು ಸಿಆರ್‌ಸಿ ಎಣಿಕೆ, ಅಂದರೆ ಕೆಟ್ಟು ಬಂದ ಫ್ರೇಮ್‌ಗಳ ಲೆಕ್ಕ, ನೋಡಿ. ಹತ್ತು ನಿಮಿಷ ಫೈಲ್ ಕಳಿಸಿದ ಮೇಲೂ ಅಂಕಿ ಏರದಿದ್ದರೆ ಕೇಬಲ್ ಸರಿಯಿದೆ.

ಪ್ರಶ್ನೆ: ಎರಡು ಸ್ವಿಚ್‌ಗಳ ನಡುವೆ ಟ್ರಂಕ್ ಇದೆ, ಅಂದರೆ ಹಲವು ವಿಲ್ಯಾನ್‌ಗಳನ್ನು (ಸ್ವಿಚ್‌ನೊಳಗಿನ ಪ್ರತ್ಯೇಕ ಜಾಲಗಳನ್ನು) ಒಯ್ಯುವ ಲಿಂಕ್. ವಿಲ್ಯಾನ್ 10 ಚೆನ್ನಾಗಿ ನಡೆಯುತ್ತಿತ್ತು. ವಿಲ್ಯಾನ್ 20 ಸೇರಿಸಿದೆ, 10 ನಿಂತುಹೋಯಿತು!

ಉತ್ತರ: ನೀವು ಬರೆದದ್ದು ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 20’ ಎಂದಿರಬೇಕು. ಅದು ಹಳೆಯ ಪಟ್ಟಿಗೆ ಸೇರಿಸುವುದಿಲ್ಲ, ಹಳೆಯದನ್ನು ಅಳಿಸಿ 20 ಒಂದನ್ನೇ ಬಿಡುತ್ತದೆ. ಸೇರಿಸಬೇಕಾದರೆ ವಿಲ್ಯಾನ್ ಪದದ ನಂತರ ‘ಆಡ್’ ಬರಬೇಕು: ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ ಆಡ್ 20’. ಈಗ ಸರಿಪಡಿಸಲು ‘ಆಡ್ 10’ ಕೊಡಿ. ದೊಡ್ಡ ಜಾಲಗಳಲ್ಲೂ ಈ ಒಂದು ಪದ ಬಿಟ್ಟುಹೋಗಿ ಇಡೀ ಮಹಡಿಯ ಸಂಪರ್ಕ ನಿಲ್ಲುತ್ತದೆ, ಆದ್ದರಿಂದ ಲ್ಯಾಬ್‌ನಲ್ಲಿ ಬೇಕೆಂದೇ ಎರಡು ಮೂರು ಸಲ ಈ ತಪ್ಪು ಮಾಡಿ ನೋಡಿ.

ಆಗ ‘ಶೋ ಇಂಟರ್‌ಫೇಸಸ್ ಟ್ರಂಕ್’ ಓದುವುದನ್ನು ಕಲಿಯಿರಿ. ಅದು ನಾಲ್ಕು ತುಂಡಾಗಿ ಬರುತ್ತದೆ. ಮೊದಲನೆಯದರಲ್ಲಿ ಪೋರ್ಟ್ ಟ್ರಂಕ್ ಆಗಿದೆಯೇ, ನೇಟಿವ್ ವಿಲ್ಯಾನ್ (ಗುರುತಿಲ್ಲದೆ ಬಂದ ಫ್ರೇಮ್‌ಗಳು ಸೇರುವುದು) ಎಷ್ಟು ಎಂಬುದಿದೆ. ಎರಡನೆಯದು ಅನುಮತಿ ಪಟ್ಟಿ. ಮೂರನೆಯದು ಅನುಮತಿಯೂ ಇದ್ದು ಈ ಸ್ವಿಚ್‌ನಲ್ಲಿ ಜೀವಂತವೂ ಇರುವ ವಿಲ್ಯಾನ್‌ಗಳು. ನಾಲ್ಕನೆಯದು ಲೂಪ್ ಆಗದಂತೆ ಕಾಯುವ ಸ್ಪ್ಯಾನಿಂಗ್ ಟ್ರೀ ಮುಂದೆ ಬಿಡುತ್ತಿರುವವು. ನಿಮ್ಮ ವಿಲ್ಯಾನ್ ಎಲ್ಲಿ ಕಾಣೆಯಾಗುತ್ತದೋ ದೋಷ ಅಲ್ಲಿದೆ. ಎರಡರಲ್ಲೇ ಇಲ್ಲವೆಂದರೆ ‘ಆಡ್’ ಮರೆತಿದ್ದೀರಿ. ಎರಡರಲ್ಲಿದ್ದು ಮೂರರಲ್ಲಿ ಇಲ್ಲವೆಂದರೆ ಸಾಮಾನ್ಯವಾಗಿ ಆ ಸ್ವಿಚ್‌ನಲ್ಲಿ ವಿಲ್ಯಾನ್ ಅನ್ನೇ ಸೃಷ್ಟಿಸಿರುವುದಿಲ್ಲ. ಮೂರರಲ್ಲಿದ್ದು ನಾಲ್ಕರಲ್ಲಿ ಇಲ್ಲದಿದ್ದರೆ ಸ್ಪ್ಯಾನಿಂಗ್ ಟ್ರೀ ತಡೆದಿರಬಹುದು, ಲೂಪ್ ಇರುವ ಕಡೆ ಅದು ತಡೆಯಲೇಬೇಕು ಕೂಡ.

ಪ್ರಶ್ನೆ: ರೌಟರ್‌ನಿಂದ ಪಿಂಗ್ (ಎದುರಿನ ಸಾಧನ ಉತ್ತರಿಸುತ್ತದೆಯೇ ಎಂಬ ಪರೀಕ್ಷೆ) ಮಾಡಿದರೆ ಮೊದಲು ಒಂದು ಚುಕ್ಕಿ, ಆಮೇಲೆ ನಾಲ್ಕು ಆಶ್ಚರ್ಯಸೂಚಕ. ಏನಾದರೂ ದೋಷವಿದೆಯೇ?

ಉತ್ತರ: ಇಲ್ಲ. ಐದು ಪ್ಯಾಕೆಟ್ ಹೋಗುತ್ತವೆ, ಪ್ರತಿಯೊಂದಕ್ಕೂ ಎರಡು ಸೆಕೆಂಡ್ ಕಾಯುತ್ತದೆ. ಮೊದಲನೆಯದು ಹೊರಡುವಾಗ ಎದುರಿನ ಸಾಧನದ ಮ್ಯಾಕ್ ವಿಳಾಸ (ಹಾರ್ಡ್‌ವೇರ್ ವಿಳಾಸ) ಗೊತ್ತಿರುವುದಿಲ್ಲ. ಅದನ್ನು ಹುಡುಕುವ ಎಆರ್‌ಪಿ ಕೇಳಿ ಉತ್ತರ ಬರುವಷ್ಟರಲ್ಲಿ ಆ ಪ್ಯಾಕೆಟ್ ಬಿದ್ದುಹೋಗುತ್ತದೆ. ಶೇ. 80 ಯಶಸ್ಸು ಎಂದು ಬರುವುದು ಅದಕ್ಕೇ. ಮತ್ತೊಮ್ಮೆ ಪಿಂಗ್ ಮಾಡಿ, ಐದೂ ಬರುತ್ತವೆ.

ಐದೂ ಚುಕ್ಕಿಯಾದರೆ ಯೋಚಿಸಬೇಕು. ಚುಕ್ಕಿ ಎಂದರೆ ಉತ್ತರವೇ ಬರಲಿಲ್ಲ. ‘ಯು’ ಅಕ್ಷರ ಬಂದರೆ ದಾರಿಯಲ್ಲಿ ಯಾವುದೋ ಸಾಧನ ‘ತಲುಪಿಸಲಾರೆ’ ಎಂದು ಮರಳಿ ಹೇಳಿದೆ, ಬಹುತೇಕ ಅದರ ಬಳಿ ಆ ನೆಟ್‌ವರ್ಕ್‌ಗೆ ರೂಟ್ ಇಲ್ಲ. ಚುಕ್ಕಿಗಳಾದರೆ ನಾವು ಮೊದಲು ಅನುಮಾನಿಸುವುದು ಹಿಂದಿರುಗುವ ದಾರಿಯನ್ನು. ಹೋಗಲು ಸ್ಟ್ಯಾಟಿಕ್ ರೂಟ್ (ಕೈಯಿಂದ ಹಾಕುವ ದಾರಿ) ಬರೆದು, ಎದುರಿನ ರೌಟರ್‌ನಲ್ಲಿ ಬರಲು ರೂಟ್ ಬರೆಯುವುದನ್ನು ಮರೆತಿರುತ್ತಾರೆ. ಆಗ ಗೊಂದಲದ ಒಂದು ಸಂಗತಿ ಕಾಣುತ್ತದೆ: ರೌಟರ್‌ನಿಂದ ಪಿಂಗ್ ಹೋಗುತ್ತದೆ, ಅದರ ಹಿಂದಿರುವ ಕಂಪ್ಯೂಟರ್‌ನಿಂದ ಹೋಗುವುದಿಲ್ಲ. ರೌಟರ್ ತಾನು ಪಿಂಗ್ ಮಾಡುವಾಗ ಹೊರಡುವ ಇಂಟರ್‌ಫೇಸ್‌ನ ವಿಳಾಸ ಬಳಸುತ್ತದೆ, ಆ ಲಿಂಕ್ ಎದುರಿನ ರೌಟರ್‌ಗೂ ನೇರ ಗೊತ್ತು. ಕಂಪ್ಯೂಟರ್ ಇರುವ ನೆಟ್‌ವರ್ಕ್ ಅದಕ್ಕೆ ಗೊತ್ತಿಲ್ಲ. ಪಿಂಗ್ ಕಮಾಂಡ್‌ನ ಕೊನೆಗೆ ‘ಸೋರ್ಸ್’ ಎಂದು ಬರೆದು ಒಳಗಿನ ಇಂಟರ್‌ಫೇಸ್ ಹೆಸರು ಕೊಟ್ಟರೆ ದೋಷ ತಕ್ಷಣ ಹೊರಬೀಳುತ್ತದೆ.

ಪ್ರಶ್ನೆ: ಎಸ್‌ಎಸ್‌ಎಚ್‌ಗೆ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗಲು) ಕೀ ತಯಾರಿಸಲು ಹೋದರೆ ರೌಟರ್ ಒಪ್ಪುತ್ತಿಲ್ಲ.

ಉತ್ತರ: ಹೋಸ್ಟ್‌ನೇಮ್ ಇನ್ನೂ ‘ರೌಟರ್’ ಎಂದೇ ಇರಬೇಕು, ಅಥವಾ ‘ಐಪಿ ಡೊಮೇನ್-ನೇಮ್’ ಕೊಟ್ಟಿಲ್ಲ. ಕೀಯ ಹೆಸರು ಈ ಎರಡರಿಂದಲೇ ಕಟ್ಟಿಕೊಳ್ಳುತ್ತದೆ. ಎರಡನ್ನೂ ಕೊಟ್ಟು, 2048 ಬಿಟ್‌ನ ಆರ್‌ಎಸ್‌ಎ ಕೀ ಮಾಡಿ, ಯೂಸರ್‌ನೇಮ್ ಮತ್ತು ಸೀಕ್ರೆಟ್ ಇಟ್ಟು, ದೂರದಿಂದ ಲಾಗಿನ್ ಆಗುವ ವಿಟಿವೈ ಲೈನ್‌ಗಳಲ್ಲಿ ‘ಲಾಗಿನ್ ಲೋಕಲ್’ ಹಾಗೂ ‘ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಎಸ್‌ಎಸ್‌ಎಚ್’ ಹಾಕಿ.

ಪ್ರಶ್ನೆ: ಓಎಸ್‌ಪಿಎಫ್‌ನಲ್ಲಿ (ರೌಟರ್‌ಗಳು ದಾರಿಗಳ ಮಾಹಿತಿ ಹಂಚಿಕೊಳ್ಳುವ ಪ್ರೋಟೋಕಾಲ್) ನೆರೆಯ ರೌಟರ್ ‘ಎಕ್ಸ್‌ಸ್ಟಾರ್ಟ್’ ಹಂತದಲ್ಲೇ ನಿಂತಿದೆ. ಹಲೋ ಟೈಮರ್, ಏರಿಯಾ ಎಲ್ಲ ತಾಳೆ ನೋಡಿದೆ.

ಉತ್ತರ: ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಅಳತೆ, ನೋಡಿ. ಹಲೋ 10 ಸೆಕೆಂಡ್, ಡೆಡ್ 40 ಸೆಕೆಂಡ್, ಏರಿಯಾ, ಸಬ್‌ನೆಟ್ ಮಾಸ್ಕ್, ಇವುಗಳಲ್ಲಿ ಹೊಂದಾಣಿಕೆ ತಪ್ಪಿದ್ದರೆ ನೆರೆಯೇ ಕಾಣಿಸುತ್ತಿರಲಿಲ್ಲ. ಕಾಣಿಸಿ ಅಲ್ಲಿಯವರೆಗೆ ಬಂದಿದೆ ಎಂದರೆ ಅವೆಲ್ಲ ದಾಟಿವೆ. ಮುಂದಿನ ಹಂತದಲ್ಲಿ ಒಂದು ಕಡೆ 1500, ಇನ್ನೊಂದು ಕಡೆ 1400 ಇದ್ದರೆ ಮಾತುಕತೆ ಮುಂದುವರಿಯದು. ಎರಡನ್ನೂ ಒಂದು ಮಾಡಿ.

ಪ್ರಶ್ನೆ: ಹಳೆಯ ಪರೀಕ್ಷೆಗಳ ‘ಡಂಪ್’ (ಸೋರಿಕೆಯಾದ ಪ್ರಶ್ನೋತ್ತರಗಳ ಸಂಗ್ರಹ) ಸಿಗುತ್ತದೆ, ಅದನ್ನು ಬಾಯಿಪಾಠ ಮಾಡಿದರೆ ಸಾಕು ಎನ್ನುತ್ತಾರೆ ಗೆಳೆಯರು. ಪರೀಕ್ಷೆಯ ದಿನಕ್ಕೂ ಒಂದೆರಡು ಸಲಹೆ ಕೊಡಿ.

ಉತ್ತರ: ಡಂಪ್ ಮುಟ್ಟಬೇಡಿ. ಪರೀಕ್ಷೆಗೆ ಮುನ್ನ ನೀವು ಒಪ್ಪುವ ಕರಾರಿಗೆ ಅದು ವಿರುದ್ಧ, ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗಬಹುದು. ಅದಕ್ಕಿಂತ ನಮಗೆ ಬೇಸರ ತರಿಸುವುದು ಅದರೊಳಗಿನ ತಪ್ಪು ಉತ್ತರಗಳು. ತಿಂಗಳುಗಟ್ಟಲೆ ಶ್ರಮಪಟ್ಟವರು ಅವನ್ನು ನಂಬಿ ತಮಗೆ ಸರಿಯಾಗಿ ಗೊತ್ತಿದ್ದುದನ್ನೇ ಬದಲಿಸಿಕೊಳ್ಳುತ್ತಾರೆ. ಅಭ್ಯಾಸ ಪರೀಕ್ಷೆ ಬೇರೆ ಮಾತು, ವಿವರಣೆ ಕೊಡುವಂಥದ್ದನ್ನು ಆರಿಸಿಕೊಳ್ಳಿ. ತಪ್ಪಾದ ಪ್ರತಿ ಪ್ರಶ್ನೆಯನ್ನೂ ಲ್ಯಾಬ್‌ನಲ್ಲಿ ಕಟ್ಟಿ ನೋಡಿ.

ಸಿಸಿಎನ್‌ಎಯಲ್ಲಿ ಒಂದು ಪ್ರಶ್ನೆ ದಾಟಿದ ಮೇಲೆ ಹಿಂದೆ ಬರುವಂತಿಲ್ಲ. ನೆಟ್‌ವರ್ಕ್ ಪ್ಲಸ್‌ನಲ್ಲಿ ಗುರುತಿಟ್ಟು ಮರಳಿ ಬರಬಹುದು. ಆದ್ದರಿಂದ ಸಿಸಿಎನ್‌ಎಯಲ್ಲಿ ಒಂದೇ ಪ್ರಶ್ನೆಗೆ ಅಂಟಿಕೊಂಡು ಕೂರಬೇಡಿ, ಉಳಿಸಿದ ಸಮಯ ಲ್ಯಾಬ್ ಪ್ರಶ್ನೆಗಳಿಗೆ ಬೇಕು. ಲ್ಯಾಬ್‌ನಲ್ಲಿ ಮೊದಲು ಪ್ರಶ್ನೆಯನ್ನು ಪೂರ್ತಿ ಓದಿ, ಯಾವ ಸಾಧನ, ಯಾವ ಇಂಟರ್‌ಫೇಸ್ ಎಂಬುದನ್ನು ನೋಡಿಕೊಂಡು ಮುಟ್ಟಿ. ಮುಗಿಸಿದ ಮೇಲೆ ಶೋ ಕಮಾಂಡ್‌ನಿಂದ ಪರೀಕ್ಷಿಸಿ, ‘ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್’ ಕೊಟ್ಟು ಉಳಿಸಿ, ಆಮೇಲೆ ಮುಂದಿನದು. ಒಂದು ವೇಳೆ ಸಿಸಿಎನ್‌ಎ ಪಾಸಾಗದಿದ್ದರೆ ಐದು ದಿನ ಬಿಟ್ಟು ಮತ್ತೆ ಬರೆಯಬಹುದು. ಅಂಕಪಟ್ಟಿಯಲ್ಲಿ ವಿಭಾಗವಾರು ಶೇಕಡಾ ಇರುತ್ತದೆ, ಕಡಿಮೆ ಬಂದ ವಿಭಾಗದ ಲ್ಯಾಬ್‌ಗಳನ್ನು ಆ ದಿನಗಳಲ್ಲಿ ಸೊನ್ನೆಯಿಂದ ಕಟ್ಟಿ.